ಮಾತಿಗೆ ತೂಕ ಕೊಟ್ಟ ರಾಬರ್ಟ್ ಬೋಲ್ಟ್

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ತನ್ನ ಚಾನ್ಸಲರ್ ಥಾಮಸ್ ಮೋರ್‌ನ ಮನೆಗೆ ಬರುತ್ತಿದ್ದಾನೆ. ದೋಣಿ ಥೇಮ್ಸ್ ನದಿಯ ದಂಡೆಗೆ ತಾಗುತ್ತಿದ್ದಂತೆ ದೊರೆ ಹುಮ್ಮಸ್ಸಿನಿಂದ ಕೆಳಗೆ ಹಾರುತ್ತಾನೆ. ಕಾಲು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಆಸ್ಥಾನಿಕರು ಕಲ್ಲಾಗಿ ನಿಲ್ಲುತ್ತಾರೆ. ಈಗ ಯಾರ ತಲೆಗೆ ಬರುತ್ತದೋ ಯಾರಿಗೆ ಗೊತ್ತು? ದೊರೆ ತನ್ನ ಕಾಲನ್ನೊಮ್ಮೆ ನೋಡಿಕೊಂಡು ಗಹಗಹಿಸಿ ನಗುತ್ತಾನೆ. ಹೋದ ಜೀವ ಬಂದಂತಾಗಿ ಎಲ್ಲರೂ ನಗುತ್ತಾರೆ. ನಕ್ಕು ಸುಮ್ಮನಾಗುವುದಿಲ್ಲ, ರೇಷ್ಮೆ, ಮಖಮಲ್ಲು ತೊಟ್ಟವರು ಒಬ್ಬರ ಹಿಂದೊಬ್ಬರಂತೆ ತಾವೂ ಕೆಸರಿಗೆ ಹಾರುತ್ತಾರೆ.

1966ರಲ್ಲಿ ತೆರೆಕಂಡ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ಚಿತ್ರದ ದೃಶ್ಯವಿದು. ಅದಕ್ಕೆ ಆರು ವರ್ಷ ಮೊದಲು ಇದೇ ಹೆಸರಿನ ನಾಟಕ ಲಂಡನ್ನಿನ ಗ್ಲೋಬ್ ಥಿಯೇಟರಿನಲ್ಲಿ ರಂಗಕ್ಕೇರಿದಾಗ ಈ ಕೆಸರು ಇರಲಿಲ್ಲ. ಅಲ್ಲಿ ದೊರೆ ಕಹಳೆಯ ದನಿಯ ನಡುವೆ ಜರತಾರಿ ಉಡುಪಿನಲ್ಲಿ ಮೆಟ್ಟಿಲಿಳಿದು ಬರುತ್ತಿದ್ದ. ಅವನ ಗತ್ತು, ಚಪಲ, ಒಳಗಿನ ಕ್ರೌರ್ಯ ಎಲ್ಲವೂ ಮಾತಿನಲ್ಲೇ ಬಯಲಾಗಬೇಕಿತ್ತು. ನಾಟಕವನ್ನೂ ಚಿತ್ರಕಥೆಯನ್ನೂ ಬರೆದವರು ಒಬ್ಬರೇ: ರಾಬರ್ಟ್ ಬೋಲ್ಟ್. ರಂಗಕ್ಕೆ ಬೇಕಾದ ಮಾತನ್ನು ಬರೆಯುವುದು ಒಂದು ವಿದ್ಯೆ, ತೆರೆಗೆ ಬೇಡವಾದ ಮಾತನ್ನು ಬಿಡುವುದು ಇನ್ನೊಂದು. ಎರಡೂ ಒಲಿದವರು ಬಹಳ ಮಂದಿಯಿಲ್ಲ. ಬೋಲ್ಟ್‌ಗೆ ಎರಡೂ ಒಲಿದಿದ್ದವು.

ಬೋಲ್ಟ್ ಹುಟ್ಟಿದ್ದು 1924ರ ಆಗಸ್ಟ್ 15ರಂದು, ಮ್ಯಾಂಚೆಸ್ಟರ್ ಪಕ್ಕದ ಸೇಲ್ ಎಂಬ ಊರಿನಲ್ಲಿ. ತಂದೆಗೆ ಪೀಠೋಪಕರಣಗಳ ಸಣ್ಣ ಅಂಗಡಿ. ಮನೆತನ ಮೆಥಡಿಸ್ಟ್ ಪಂಥದ್ದು. ಹುಡುಗ ಶಾಲೆ ಮುಗಿಸಿ ವಿಮಾ ಕಚೇರಿಯಲ್ಲಿ ಗುಮಾಸ್ತನಾದ. ಯುದ್ಧಕಾಲದಲ್ಲಿ ಸೈನ್ಯ ಸೇರಿ ಪಶ್ಚಿಮ ಆಫ್ರಿಕಾಕ್ಕೂ ಹೋಗಿಬಂದ. ಕೆಲವು ವರ್ಷ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಹೊರಬಂದ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ಮೇಲೆ ಹಿಡಿದದ್ದು ಮೇಷ್ಟರ ಕೆಲಸ: ಮೊದಲು ಡೆವನ್ ಪ್ರಾಂತದ ಒಂದು ಹಳ್ಳಿ ಶಾಲೆ, ಆಮೇಲೆ ಸಾಮರ್ಸೆಟ್‌ನ ಮಿಲ್‌ಫೀಲ್ಡ್ ಶಾಲೆ.

ಪಾಠ ಹೇಳುತ್ತಲೇ ಅವರು ಬಿಬಿಸಿ ರೇಡಿಯೋಗೆ ನಾಟಕ ಬರೆಯತೊಡಗಿದರು. ರೇಡಿಯೋದಲ್ಲಿ ಬಣ್ಣವಿಲ್ಲ, ವೇಷವಿಲ್ಲ, ನಟನ ಹುಬ್ಬು ಕುಣಿಯುವುದು ಕಾಣಿಸುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಅವರ ಮನಸ್ಸಿನಲ್ಲಿ ಏನಿದೆ, ಯಾರು ಯಾರಿಗೆ ಹೆದರಿದ್ದಾರೆ ಎಂಬುದೆಲ್ಲ ದನಿಯಿಂದಲೇ ಗೊತ್ತಾಗಬೇಕು. ಮಾತಿಗೆ ಮಾತು ಜೋಡಿಸಿ ಜಗತ್ತು ಕಟ್ಟುವ ಕೆಲಸವನ್ನು ಬೋಲ್ಟ್ ಇಲ್ಲಿ ಕಲಿತರು. ಥಾಮಸ್ ಮೋರ್‌ನ ಕಥೆ ಮೊದಲು ಕೇಳಿಬಂದದ್ದೂ 1954ರಲ್ಲಿ, ರೇಡಿಯೋ ನಾಟಕವಾಗಿಯೇ.

ರಂಗಭೂಮಿಯಲ್ಲಿ ಅವರಿಗೆ ಮೊದಲ ದೊಡ್ಡ ಹೆಸರು ತಂದದ್ದು 1957ರ ‘ಫ್ಲವರಿಂಗ್ ಚೆರ್ರಿ’. ರಾಲ್ಫ್ ರಿಚರ್ಡ್‌ಸನ್ ಮತ್ತು ಸೀಲಿಯಾ ಜಾನ್ಸನ್ ಅಭಿನಯಿಸಿದ ಈ ನಾಟಕದ ನಾಯಕ ವಿಮಾ ಕಂಪನಿಯ ನೌಕರ. ಒಂದು ದಿನ ಕೆಲಸ ಬಿಟ್ಟು ಹಣ್ಣಿನ ತೋಟ ಮಾಡುತ್ತೇನೆ ಎಂಬುದು ಅವನು ಬಾಯಿ ತೆರೆದಾಗಲೆಲ್ಲ ಬರುವ ಮಾತು. ತೋಟ ನಿಜವಾಗುವ ಅವಕಾಶ ಎದುರಿಗೆ ಬಂದಾಗ ಅವನಿಗೆ ಬೇಕಾಗಿದ್ದದ್ದು ತೋಟವಲ್ಲ, ತೋಟದ ಮಾತು ಮಾತ್ರ ಎಂಬುದು ಹೊರಬೀಳುತ್ತದೆ. ಬೋಲ್ಟ್ ಮುಂದೆ ಬರೆದುದಕ್ಕೆಲ್ಲ ಇಲ್ಲಿ ಬುನಾದಿಯಿದೆ. ಮನುಷ್ಯ ಆಡುವ ಮಾತಿನ ಹಿಂದೆ ಅವನು ಇದ್ದಾನೋ ಇಲ್ಲವೋ ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ಈ ನಾಟಕದ ಯಶಸ್ಸಿನಿಂದ ಬೋಲ್ಟ್ ಮೇಷ್ಟರ ಕೆಲಸ ಬಿಟ್ಟು ಪೂರ್ತಿ ಬರಹಕ್ಕೆ ಇಳಿದರು.

ಮಾತಿನ ಹಿಂದೆ ತಾನು ಇಲ್ಲದ ಚೆರ್ರಿಯ ನಂತರ, ಮಾತಿನ ಹಿಂದೆ ಪೂರ್ತಿಯಾಗಿ ನಿಂತ ಮೋರ್ ಬಂದ. ಇತಿಹಾಸ ನಮಗೆ ಗೊತ್ತಿರುವುದೇ. ಹೆನ್ರಿಗೆ ರಾಣಿ ಕ್ಯಾಥರೀನಳನ್ನು ಬಿಟ್ಟು ಆ್ಯನ್ ಬೊಲಿನ್‌ಳನ್ನು ಮದುವೆಯಾಗಬೇಕು, ಪೋಪ್ ಒಪ್ಪುವುದಿಲ್ಲ. ದೊರೆ ತಾನೇ ಇಂಗ್ಲೆಂಡಿನ ಚರ್ಚಿಗೆ ಒಡೆಯನಾಗುತ್ತಾನೆ. ಮೋರ್ 1532ರಲ್ಲಿ ಚಾನ್ಸಲರ್ ಹುದ್ದೆ ಬಿಡುತ್ತಾನೆ. 1534ರ ಕಾನೂನು ಹೊಸ ಮದುವೆಯ ಸಂತಾನದ ಹಕ್ಕನ್ನು ಒಪ್ಪಿ ಪ್ರಮಾಣ ಮಾಡಿರೆಂದು ಕೇಳುತ್ತದೆ. ಮೋರ್ ಪ್ರಮಾಣ ಮಾಡುವುದಿಲ್ಲ. ಏಕೆ ಮಾಡುವುದಿಲ್ಲ ಎಂಬುದನ್ನೂ ಹೇಳುವುದಿಲ್ಲ.

ಕಸುಬಿನ ದೃಷ್ಟಿಯಿಂದ ನೋಡಿದರೆ ನಾಟಕಕಾರನಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ. ನಾಟಕ ನಿಲ್ಲುವುದೇ ಮಾತಿನ ಮೇಲೆ. ಇಲ್ಲಿಯ ನಾಯಕನಿಗೋ ಯಾವ ವಿಷಯದ ಮೇಲೆ ಕಥೆಯೆಲ್ಲ ನಿಂತಿದೆಯೋ ಆ ಒಂದು ವಿಷಯದ ಬಗ್ಗೆ ಮಾತ್ರ ಬಾಯಿ ಬಿಡುವಂತಿಲ್ಲ. ಮೋರ್ ಪಳಗಿದ ವಕೀಲ. ಪ್ರಮಾಣ ನಿರಾಕರಿಸಿದರೆ ಸೆರೆಮನೆ. ದೊರೆಯ ವಿರುದ್ಧ ನುಡಿದರೆ ಮಾತ್ರ ರಾಜದ್ರೋಹ, ಮರಣದಂಡನೆ. ಆದ್ದರಿಂದ ಮೌನವೇ ಅವನ ಕೋಟೆ. ಹೆಂಡತಿ ಆ್ಯಲಿಸ್‌ಗೂ ಅಕ್ಕರೆಯ ಮಗಳು ಮಾರ್ಗರೆಟ್‌ಗೂ ಅವನು ಕಾರಣ ಹೇಳುವುದಿಲ್ಲ. ನಾಳೆ ಅವರನ್ನು ಕರೆದು ಕೇಳಿದರೆ ‘ನಮಗೆ ಗೊತ್ತಿಲ್ಲ’ ಎಂದು ಅವರು ನಿಜವನ್ನೇ ಹೇಳುವಂತಿರಬೇಕು.

ಬೋಲ್ಟ್ ಈ ಕಟ್ಟನ್ನು ಬಿಚ್ಚಿ ಸುಲಭ ಮಾಡಿಕೊಳ್ಳಲಿಲ್ಲ, ಅದನ್ನೇ ನಾಟಕದ ಯಂತ್ರವಾಗಿಸಿದರು. ಮೋರ್ ಬೇರೆಲ್ಲದರ ಬಗ್ಗೆಯೂ ಲವಲವಿಕೆಯಿಂದ, ಚುರುಕಾಗಿ ಮಾತಾಡುತ್ತಾನೆ. ಕಾನೂನು, ಗೆಳೆತನ, ಅಡುಗೆ, ಅಳಿಯನ ಆವೇಶ ಯಾವುದೂ ಅವನ ಮಾತಿಗೆ ಹೊರತಲ್ಲ. ಆ ಒಂದು ವಿಷಯ ಬಂದಾಗ ಬಾಗಿಲು ಹಾಕಿಕೊಳ್ಳುತ್ತದೆ. ಅವನ ಬಾಯಿ ಬಿಡಿಸಲು ಒಬ್ಬೊಬ್ಬರೇ ಬರುತ್ತಾರೆ: ದೊರೆ ಪ್ರೀತಿಯಿಂದ, ಗೆಳೆಯ ನಾರ್ಫಕ್ ಸಿಟ್ಟಿನಿಂದ, ದೊರೆಯ ಮಂತ್ರಿ ಕ್ರಾಮ್‌ವೆಲ್ ಕುತಂತ್ರದಿಂದ, ಮಗಳು ಕಣ್ಣೀರಿನಿಂದ. ದೃಶ್ಯ ಬದಲಾಗುತ್ತದೆ, ಒತ್ತಡ ಏರುತ್ತದೆ, ಬಾಯಿ ತೆರೆಯುವುದಿಲ್ಲ. ಕೊನೆಗೆ ರಿಚರ್ಡ್ ರಿಚ್ ಎಂಬ ಹಳೆಯ ಪರಿಚಿತ ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ಹೇಳುತ್ತಾನೆ. ವೇಲ್ಸ್‌ನ ಒಂದು ಹುದ್ದೆ ಅವನಿಗೆ ಸಿಕ್ಕ ಬೆಲೆ. ಅಪರಾಧಿಯೆಂದು ತೀರ್ಪಾದ ಮೇಲೆ ಮುಚ್ಚಿಡಬೇಕಾದ್ದು ಏನೂ ಉಳಿಯುವುದಿಲ್ಲ. ಮೋರ್ ಆಗ ಮನಸ್ಸಿನಲ್ಲಿದ್ದುದನ್ನು ಹೇಳುತ್ತಾನೆ. ಇಡೀ ಸಂಜೆ ಕಾದ ಪ್ರೇಕ್ಷಕನ ಕಿವಿಗೆ ಆ ಕೆಲವು ವಾಕ್ಯಗಳು ಸಾಮಾನ್ಯ ಸಂಭಾಷಣೆಯಂತೆ ಕೇಳಿಸುವುದಿಲ್ಲ. ಹೇಳಿದ ರೀತಿಗಿಂತ ಹೇಳದೆ ಕಾಯ್ದಿಟ್ಟುಕೊಂಡ ಕಾಲವೇ ಅವುಗಳ ತೂಕ.

ಪ್ರಮಾಣಕ್ಕೆ ಇಷ್ಟು ಬೆಲೆ ಏಕೆ? ಅಚ್ಚಾದ ನಾಟಕದ ಮುನ್ನುಡಿಯಲ್ಲಿ ಬೋಲ್ಟ್ ಇದನ್ನು ವಿವರಿಸಿದ್ದಾರೆ. ತಾವು ಕ್ಯಾಥೊಲಿಕರೂ ಅಲ್ಲ, ಸರಿಯಾದ ಅರ್ಥದಲ್ಲಿ ಕ್ರೈಸ್ತರೂ ಅಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ಪ್ರಮಾಣ ಮಾಡುವವನು ತನ್ನ ಮಾತಿಗೆ ತನ್ನನ್ನೇ ಜಾಮೀನು ಇಡುತ್ತಾನೆ ಎಂಬುದು ಅವರ ನಿಲುವು. ಮೋರ್‌ನಲ್ಲಿ ಅವರನ್ನು ಸೆಳೆದದ್ದು ಅವನ ಧರ್ಮಕ್ಕಿಂತ ಹೆಚ್ಚಾಗಿ, ಎಲ್ಲಿಯವರೆಗೆ ಬಗ್ಗಬಹುದು, ಎಲ್ಲಿಂದ ಮುಂದೆ ಬಗ್ಗಬಾರದು ಎಂದು ತನ್ನೊಳಗೆ ಗೆರೆ ಎಳೆದುಕೊಂಡಿದ್ದ ಖಚಿತತೆ. ಆ ಮುನ್ನುಡಿಯಲ್ಲೇ ಇನ್ನೊಂದು ಗುಟ್ಟೂ ಇದೆ: ಮನುಷ್ಯನ ಅಳತೆಗೆ ಮೀರಿದ್ದನ್ನು ಸೂಚಿಸಲು ಅವರು ನೀರು, ಸಮುದ್ರ, ಪ್ರವಾಹದ ಚಿತ್ರಗಳನ್ನು ನಾಟಕದುದ್ದಕ್ಕೂ ಬಿತ್ತಿದ್ದಾರೆ, ಕಾನೂನು ಮತ್ತು ಸಮಾಜ ಕಾಲೂರಿ ನಿಲ್ಲಲು ಸಿಗುವ ನೆಲ. ಇದನ್ನು ತಿಳಿದು ಓದಿದರೆ, ನದಿಯಲ್ಲಿ ಮನೆಗೆ ಮರಳಲು ಮೋರ್ ದೋಣಿಯವನನ್ನು ಕರೆಯುವ ಪುಟ್ಟ ದೃಶ್ಯಕ್ಕೂ ಬೇರೆ ಆಳ ಕಾಣುತ್ತದೆ.

ಆ ದೋಣಿಯವನು ನಾಟಕದ ಇನ್ನೊಂದು ಸೊಗಸು. ಅವನ ಹೆಸರು ‘ಕಾಮನ್ ಮ್ಯಾನ್’. ರಂಗದ ಮೇಲೆ ಬಟ್ಟೆಗಳ ಒಂದು ಬುಟ್ಟಿ. ಅದರಿಂದ ಬೇಕಾದ ಟೊಪ್ಪಿಗೆ, ಅಂಗಿ ತೆಗೆದು ಅವನು ಮೋರ್‌ನ ಮನೆಯಾಳಾಗುತ್ತಾನೆ, ದೋಣಿಯವನಾಗುತ್ತಾನೆ, ಹೆಂಡದಂಗಡಿಯವನು, ಸೆರೆಮನೆಯ ಕಾವಲುಗಾರ, ಜ್ಯೂರಿಯ ಮುಖ್ಯಸ್ಥ, ಕೊನೆಗೆ ತಲೆ ಕಡಿಯುವವನೂ ಆಗುತ್ತಾನೆ. ನಡುನಡುವೆ ಪ್ರೇಕ್ಷಕರ ಕಡೆ ತಿರುಗಿ ಹರಟುತ್ತಾನೆ. ಸೂತ್ರಧಾರನನ್ನೂ ಭಾಗವತನನ್ನೂ ಬಲ್ಲ ಕನ್ನಡ ಪ್ರೇಕ್ಷಕರಿಗೆ ಇಂಥವನು ಹೊಸಬನಲ್ಲ. ಆದರೆ ಇವನು ಕಥೆ ನಡೆಸುವುದರ ಜೊತೆಗೆ ಕಥೆಯಲ್ಲಿ ಪಾಲುದಾರನೂ ಹೌದು. ಕೆಡುಕನಲ್ಲ, ಸಂಬಳಕ್ಕೆ ತಕ್ಕಷ್ಟು ಕೆಲಸ ಮಾಡುವವನು. ಜ್ಯೂರಿಗೆ ಜನ ಸಾಲದಾದಾಗ ಕೋಲುಗಳಿಗೆ ಟೊಪ್ಪಿಗೆ ತೊಡಿಸಿ ನಿಲ್ಲಿಸುತ್ತಾನೆ. ಕೊಡಲಿ ಬೀಸಿದ ಮೇಲೂ ನಮ್ಮ ಮುಂದೆ ಬಂದು, ತಂಟೆ ಮಾಡದೆ ಬದುಕುವ ಜಾಣತನ ಬೋಧಿಸಿ ಹೋಗುತ್ತಾನೆ. ಜರ್ಮನ್ ನಾಟಕಕಾರ ಬ್ರೆಕ್ಟ್‌ನಿಂದ ಕಲಿತ ಈ ತಂತ್ರವನ್ನು ಬೋಲ್ಟ್ ಮೋರ್‌ನನ್ನು ಹೊಗಳಲು ಬಳಸಲಿಲ್ಲ, ನಮ್ಮನ್ನು ಸಿಕ್ಕಿಸಲು ಬಳಸಿದರು.

ಎಲ್ಲರೂ ಮೆಚ್ಚಲಿಲ್ಲ. ಅಬ್ಸರ್ವರ್ ಪತ್ರಿಕೆಯ ವಿಮರ್ಶಕ ಕೆನೆತ್ ಟೈನನ್ ಈ ನಾಟಕವನ್ನು ಬ್ರೆಕ್ಟ್‌ನ ಗೆಲಿಲಿಯೋ ನಾಟಕದ ಪಕ್ಕದಲ್ಲಿಟ್ಟು ತೂಗಿದರು. ಗೆಲಿಲಿಯೋ ನಂಬಿದ್ದು ನಿಜವೋ ಸುಳ್ಳೋ ಎಂಬುದು ಬ್ರೆಕ್ಟ್‌ಗೆ ಮುಖ್ಯ; ಮೋರ್ ನಂಬಿದ್ದು ಸರಿಯೋ ತಪ್ಪೋ ಎಂಬುದನ್ನು ಬೋಲ್ಟ್ ಕೇಳುವುದೇ ಇಲ್ಲವಲ್ಲ ಎಂಬುದು ಅವರ ತಕರಾರು. ಬೋಲ್ಟ್ ಪತ್ರಿಕೆಯಲ್ಲೇ ಉತ್ತರಿಸಿದರು. ಟೈನನ್‌ರ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು: ಇತಿಹಾಸದ ಮೋರ್ ಭಿನ್ನಮತೀಯರ ಬಗ್ಗೆ ಕಠೋರನಾಗಿದ್ದ, ನಾಟಕದಲ್ಲಿ ಅದರ ನೆರಳು ಮಾತ್ರ ಇದೆ. ಆದರೂ ಪ್ರೇಕ್ಷಕರು ನಾಟಕದ ಕೈ ಹಿಡಿದರು. ಮೋರ್ ಪಾತ್ರಕ್ಕೆ ಪಾಲ್ ಸ್ಕೋಫೀಲ್ಡ್ ಒಣ ಗಾಂಭೀರ್ಯದ ಒಂದು ದನಿ ಕೊಟ್ಟರು. 1961ರಲ್ಲಿ ನ್ಯೂಯಾರ್ಕಿಗೆ ಹೋದ ನಾಟಕ 637 ಪ್ರದರ್ಶನ ಕಂಡು ಟೋನಿ ಪ್ರಶಸ್ತಿ ಪಡೆಯಿತು.

ಈ ನಾಟಕದ ಸಂಭಾಷಣೆಯ ಬಲವನ್ನು ಕಂಡೇ ನಿರ್ಮಾಪಕ ಸ್ಯಾಮ್ ಸ್ಪೀಗೆಲ್ ಬೋಲ್ಟ್‌ರನ್ನು ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕೆ ಕರೆತಂದರು. ಮೈಕೆಲ್ ವಿಲ್ಸನ್ ಬರೆದಿದ್ದ ಚಿತ್ರಕಥೆ ನಿರ್ದೇಶಕ ಡೇವಿಡ್ ಲೀನ್‌ರಿಗೆ ತೃಪ್ತಿ ತಂದಿರಲಿಲ್ಲ. ಕೆಲವು ವಾರ ಕೂತು ಮಾತುಗಳನ್ನು ತಿದ್ದಿಕೊಡಿ ಎಂದು ಶುರುವಾದ ಕೆಲಸ ಇಡೀ ಚಿತ್ರಕಥೆಯನ್ನು ಮತ್ತೆ ಬರೆಯುವಷ್ಟು ಬೆಳೆಯಿತು. ತೆರೆಯ ಮೇಲೆ ಬೋಲ್ಟ್ ಹೆಸರೊಂದೇ ಬಂತು. ಕಮ್ಯುನಿಸ್ಟನೆಂದು ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿದ್ದ ವಿಲ್ಸನ್ ಹಾಕಿದ ಅಡಿಪಾಯಕ್ಕೆ ಅಧಿಕೃತ ಮನ್ನಣೆ ದೊರಕಲು ದಶಕಗಳೇ ಹಿಡಿದವು.

ಮರುಭೂಮಿಯ ಈ ಚಿತ್ರದಲ್ಲಿ ಚಿತ್ರಕಥೆಯ ಕುಶಲತೆ ತೋರಿಸಲು ಒಂದು ಉದಾಹರಣೆ ಸಾಕು. ಚಿತ್ರದ ನಾಯಕ, ಬ್ರಿಟಿಷ್ ಸೇನಾಧಿಕಾರಿ ಲಾರೆನ್ಸ್ ಬರೆದ ‘ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್’ ಪುಸ್ತಕದಲ್ಲಿ ಎರಡು ಬೇರೆ ಬೇರೆ ಘಟನೆಗಳಿವೆ. ಒಂದರಲ್ಲಿ, ಕೊಲೆ ಮಾಡಿದ ಹಮೀದ್ ಎಂಬವನನ್ನು ಬುಡಕಟ್ಟುಗಳ ನಡುವೆ ಸೇಡು ಹತ್ತಿಕೊಳ್ಳದಿರಲೆಂದು ಲಾರೆನ್ಸ್ ತಾನೇ ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಇನ್ನೊಂದರಲ್ಲಿ, ಮರಳಿನಲ್ಲಿ ಹಿಂದುಳಿದ ಗಾಸಿಮ್ ಎಂಬವನನ್ನು ಹಿಂದಿರುಗಿ ಹೋಗಿ ಕರೆತರುತ್ತಾನೆ. ಚಿತ್ರದಲ್ಲಿ ಇಬ್ಬರೂ ಒಬ್ಬನೇ ಆಗಿದ್ದಾರೆ, ಕ್ರಮವೂ ತಿರುಗಿದೆ. ಸಾವಿನ ಬಾಯಿಂದ ಎಳೆದು ತಂದ ಗಾಸಿಮ್‌ನನ್ನೇ ಲಾರೆನ್ಸ್ ಅಕಾಬಾ ಬಂದರಿನ ಮೇಲಿನ ದಾಳಿಯ ಹಿಂದಿನ ರಾತ್ರಿ ಕೊಲ್ಲಬೇಕು. ವಿಧಿಯನ್ನು ತಾನೇ ಬರೆಯಬಲ್ಲೆ ಎಂದುಕೊಂಡಿದ್ದವನ ಗರ್ವ ಅಲ್ಲಿ ಮುರಿಯುತ್ತದೆ. ಬೆಚ್ಚಿಬೀಳಿಸುವ ಸಂಗತಿ ಆಮೇಲೆ ಬರುತ್ತದೆ: ಕೊಲ್ಲುವಾಗ ತನಗೆ ಖುಷಿಯಾಯಿತು ಎಂದು ಅವನು ಮೇಲಧಿಕಾರಿಯ ಎದುರು ತಡವರಿಸುತ್ತ ಒಪ್ಪಿಕೊಳ್ಳುತ್ತಾನೆ. ಎರಡು ಘಟನೆಗಳನ್ನು ಬೆಸೆದದ್ದರಿಂದ ಚಿತ್ರದ ಬೆನ್ನೆಲುಬೇ ಸಿಕ್ಕಿತು. ಇತಿಹಾಸಕಾರನಿಗೆ ಇದು ಸಲ್ಲದು. ಚಿತ್ರಕಥೆಗಾರ ಮಾತ್ರ ಮಾಡಬಲ್ಲ ಕೆಲಸವಿದು.

ಬರಹಗಾರನ ಕೈ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಈ ಚಿತ್ರ ತೋರಿಸುತ್ತದೆ. ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಊದುತ್ತಲೇ ಮರುಭೂಮಿಯ ಸೂರ್ಯೋದಯ ತೆರೆ ತುಂಬುವ ಪ್ರಸಿದ್ಧ ಜೋಡಣೆ ಕಾಗದದ ಮೇಲೆ ಹಾಗಿರಲಿಲ್ಲ. ಒಂದು ಚಿತ್ರ ಇನ್ನೊಂದರಲ್ಲಿ ನಿಧಾನ ಕರಗಬೇಕೆಂದು ಬರೆದಿತ್ತು. ಸಂಕಲನದ ಮೇಜಿನ ಮೇಲೆ ಆ್ಯನ್ ಕೋಟ್ಸ್ ಮತ್ತು ಲೀನ್ ಎರಡನ್ನೂ ನೇರ ಕತ್ತರಿಸಿ ಕೂಡಿಸಿದರು.

ಬೋಲ್ಟ್ ಬದುಕಿನ ಅತಿ ಕಠಿಣ ಪರೀಕ್ಷೆ ಬಂದದ್ದು ಈ ಚಿತ್ರದ ನಡುವೆಯೇ. 1961ರ ಸೆಪ್ಟೆಂಬರಿನಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿಯ ‘ಕಮಿಟಿ ಆಫ್ 100’ರ ಸದಸ್ಯರನ್ನು ಲಂಡನ್ನಿನ ನ್ಯಾಯಾಲಯ ಕರೆಸಿತು. ಶಾಂತಿಭಂಗ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುಗಡೆ, ಇಲ್ಲವಾದರೆ ಸೆರೆ. 89 ವರ್ಷದ ಬರ್ಟ್ರಂಡ್ ರಸೆಲ್ ಒಪ್ಪಲಿಲ್ಲ, ನಾಟಕಕಾರ ಆರ್ನಲ್ಡ್ ವೆಸ್ಕರ್ ಒಪ್ಪಲಿಲ್ಲ, ಬೋಲ್ಟ್‌ರೂ ಒಪ್ಪದೆ ಒಂದು ತಿಂಗಳ ಸಜೆಗೆ ಹೋದರು. ಅತ್ತ ಮುಗಿಯದ ಚಿತ್ರಕಥೆ, ಜೋರ್ಡಾನಿನಲ್ಲಿ ಕಾದು ಕುಳಿತ ದೊಡ್ಡ ತಂಡ. ಸ್ಪೀಗೆಲ್ ಸೆರೆಮನೆಗೇ ಬಂದು, ನಿಮ್ಮೊಬ್ಬರ ಹಟದಿಂದ ನೂರಾರು ಜನರ ಕೆಲಸ ನಿಲ್ಲುತ್ತದೆ ಎಂದು ಒತ್ತಾಯಿಸಿದರು. ಬೋಲ್ಟ್ ಸಹಿ ಹಾಕಿ ಹೊರಬಂದರು. ಆ ಸಹಿಗಾಗಿ ಅವರು ಆಮೇಲೆ ಬಹಳ ನೊಂದುಕೊಂಡರು.

ಪ್ರಮಾಣಕ್ಕೆ ತಲೆ ತೆತ್ತವನ ಕಥೆ ಬರೆದವರು ತಾವು ಸಹಿ ಹಾಕಿದರಲ್ಲ ಎಂದು ಕುಟುಕುವುದು ಸುಲಭ. ನಾಟಕವನ್ನು ಓದಿದವರು ಹಾಗೆ ಕುಟುಕಲಾರರು. ಸಹಿ ಹಾಕಿಸುವ ಒತ್ತಡ ಎಂಥದ್ದು, ಅದು ಯಾವಾಗಲೂ ಒಳ್ಳೆಯ ಕಾರಣಗಳನ್ನೇ ಹೊತ್ತು ಬರುತ್ತದೆ ಎಂಬುದನ್ನು ಬೋಲ್ಟ್ ಮೊದಲೇ ಬರೆದಿದ್ದರು. ಕಾಮನ್ ಮ್ಯಾನ್‌ನನ್ನು ಅಷ್ಟು ಒಳಗಿನಿಂದ ಬರೆಯಬೇಕಾದರೆ ಅವನು ಯಾರೆಂದು ಗೊತ್ತಿರಬೇಕು.

ಲೀನ್ ಜೊತೆಗಿನ ಎರಡನೆಯ ಚಿತ್ರ 1965ರ ‘ಡಾಕ್ಟರ್ ಝಿವಾಗೊ’. ಪಾಸ್ತರ್ನಾಕ್‌ರ ಕಾದಂಬರಿಯಲ್ಲಿ ಪಾತ್ರಗಳು ನೂರಾರು, ಕಾಲ ದಶಕಗಳಷ್ಟು. ಕಾದಂಬರಿಯ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಝಿವಾಗೊನ ಮಲತಮ್ಮ ಎವ್‌ಗ್ರಾಫ್ ಮತ್ತು ಅನಾಥ ಹುಡುಗಿಯೊಬ್ಬಳ ಎಳೆ ಬರುತ್ತದೆ. ಬೋಲ್ಟ್ ಆ ತುದಿಯ ಎಳೆಯನ್ನು ಹಿಡಿದು ಇಡೀ ಚಿತ್ರಕ್ಕೆ ಚೌಕಟ್ಟು ಮಾಡಿದರು. ಎವ್‌ಗ್ರಾಫ್ ಹುಡುಗಿಗೆ ಅವಳ ತಂದೆ ತಾಯಿಯ ಕಥೆ ಹೇಳುತ್ತಾನೆ; ನಾವು ಕೇಳುತ್ತೇವೆ. ಇನ್ನೂ ದಿಟ್ಟ ನಿರ್ಧಾರ ಬೇರೊಂದಿದೆ. ನಾಯಕ ಮಹಾಕವಿ, ಆದರೆ ಚಿತ್ರದಲ್ಲಿ ಅವನ ಕವಿತೆಯ ಒಂದು ಸಾಲೂ ಕೇಳಿಸುವುದಿಲ್ಲ. ಕಿಟಕಿಯ ಹಿಮ, ಮೇಣದಬತ್ತಿ, ಹೂವುಗಳನ್ನು ಅವನು ನೋಡುವ ನೋಟದಲ್ಲೇ ಕವಿ ಇದ್ದಾನೆ. ಮಾತಿನಿಂದ ಅನ್ನ ಉಂಡ ಬರಹಗಾರ ಕವಿಯ ಮಾತನ್ನೇ ಬಿಟ್ಟು ಕವಿಯನ್ನು ಉಳಿಸಿಕೊಂಡ ಬಗೆಯಿದು. ಈ ಚಿತ್ರಕ್ಕೆ ಬೋಲ್ಟ್‌ರಿಗೆ ಮೊದಲ ಆಸ್ಕರ್ ಬಂತು.

ಮರುವರ್ಷವೇ ಎರಡನೆಯದು, ಫ್ರೆಡ್ ಝಿನ್ನೆಮನ್ ನಿರ್ದೇಶಿಸಿದ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ಗಾಗಿ. ಕನ್ನಡದಲ್ಲಿ ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದ ಗಿರೀಶ ಕಾರ್ನಾಡರೂ ನಾಟಕಕಾರರೇ, ಆದರೆ ಅವರ ಎದುರಿಗಿದ್ದದ್ದು ಅನಂತಮೂರ್ತಿಯವರ ಕಾದಂಬರಿ. ಬೋಲ್ಟ್ ಕತ್ತರಿ ಹಾಕಬೇಕಾಗಿದ್ದದ್ದು ತಮ್ಮದೇ ನಾಟಕಕ್ಕೆ. ಹಲವರು ಹೊಗಳಿದ್ದ ಕಾಮನ್ ಮ್ಯಾನ್‌ನನ್ನೇ ಅವರು ಮೊದಲು ತೆಗೆದುಹಾಕಿದರು. ರಂಗದಲ್ಲಿ ಬುಟ್ಟಿಯಿಂದ ಟೊಪ್ಪಿಗೆ ತೆಗೆದರೆ ಪಾತ್ರ ಬದಲಾಯಿತೆಂದು ಪ್ರೇಕ್ಷಕ ಒಪ್ಪುತ್ತಾನೆ. ನಿಜವಾದ ನದಿ, ನಿಜವಾದ ಕಲ್ಲಿನ ಗೋಡೆ ಕಾಣುವ ತೆರೆಯ ಮೇಲೆ ಅದು ಬರೀ ಚಮತ್ಕಾರವಾಗುತ್ತದೆ. ಅವನು ಹೋದರೂ ಅವನ ಕೆಲಸ ಉಳಿಯಿತು. ಅಧಿಕಾರದ ಎದುರು ಬಗ್ಗುವ ಜನರ ಬಗ್ಗೆ ಅವನು ಆಡುತ್ತಿದ್ದ ಮಾತು ಕೆಸರಿಗೆ ಹಾರುವ ಆಸ್ಥಾನಿಕರ ಕಾಲಿಗಿಳಿಯಿತು. ಯಾರ್‍ಯಾರಿಗೆ ಮುಂದೆ ಎಂಥ ಸಾವು ಬಂತೆಂದು ನಾಟಕದ ನಡುವೆ ಅವನು ಓದುತ್ತಿದ್ದ ವಿವರ ಚಿತ್ರದ ತುತ್ತತುದಿಗೆ ಹೋಯಿತು: ಮೋರ್‌ನ ತಲೆ ಉರುಳಿದ ಮೇಲೆ ಭಾವವಿಲ್ಲದ ದನಿಯೊಂದು, ಅವನ ವೈರಿಗಳಲ್ಲಿ ಹೆಚ್ಚಿನವರು ಹೇಗೆ ಸತ್ತರು, ಸುಳ್ಳು ಸಾಕ್ಷಿ ಹೇಳಿದ ರಿಚ್ ಮಾತ್ರ ಹೇಗೆ ತನ್ನ ಹಾಸಿಗೆಯಲ್ಲೇ ಸತ್ತ ಎಂದು ಹೇಳುತ್ತದೆ. ಅದೇ ಸುದ್ದಿ, ಜಾಗ ಬದಲಾದದ್ದರಿಂದ ಏಟು ಬದಲಾಯಿತು. ಚಿತ್ರಕ್ಕೆ ಒಟ್ಟು ಆರು ಆಸ್ಕರ್ ಬಂದವು. ಅವುಗಳಲ್ಲಿ ಒಂದು, ತೆರೆಯ ಮೇಲೂ ಮೋರ್ ಆದ ಸ್ಕೋಫೀಲ್ಡ್‌ರದು.

ಇಲ್ಲಿಂದ ಮುಂದೆ ಏರಿಳಿತ. 1970ರ ‘ವಿವಾಟ್! ವಿವಾಟ್ ರೆಜೀನಾ!’ ನಾಟಕದಲ್ಲಿ ಎಲಿಜಬೆತ್ ಮತ್ತು ಸ್ಕಾಟ್ಲೆಂಡಿನ ಮೇರಿ ಎಂಬ ಇಬ್ಬರು ರಾಣಿಯರನ್ನು ಅವರು ಎದುರುಬದುರು ತಂದರು. ಲೀನ್ ಜೊತೆಗಿನ ಮೂರನೆಯ ಚಿತ್ರ, ಅದೇ ವರ್ಷದ ‘ರಯಾನ್ಸ್ ಡಾಟರ್’, ವಿಮರ್ಶಕರ ಕೈಲಿ ಎಷ್ಟು ಪೆಟ್ಟು ತಿಂದಿತೆಂದರೆ ಲೀನ್‌ರ ಮುಂದಿನ ಚಿತ್ರ ಬರಲು 14 ವರ್ಷ ಬೇಕಾಯಿತು.

1979ರಲ್ಲಿ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ಒಂದೊಂದೇ ಪದವನ್ನು ಮತ್ತೆ ಕಲಿತು ಬೋಲ್ಟ್ ಬರಹಕ್ಕೆ ಮರಳಿದರು. ಅವರ ಚಿತ್ರಕಥೆಯ ‘ದಿ ಮಿಷನ್’ 1986ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಚಿತ್ರಕಥೆಗೆ ಗೋಲ್ಡನ್ ಗ್ಲೋಬ್ ಬಂತು. 18ನೇ ಶತಮಾನದ ದಕ್ಷಿಣ ಅಮೆರಿಕದಲ್ಲಿ ಗ್ವಾರಾನಿ ಜನರ ನಡುವೆ ನೆಲೆಸಿದ ಜೆಸುಯಿಟ್ ಪಾದ್ರಿಗಳ ಕಥೆಯದು. ಗುಲಾಮರನ್ನು ಹಿಡಿದು ಮಾರುತ್ತಿದ್ದ ರಾಡ್ರಿಗೊ, ತಮ್ಮನನ್ನು ಕೊಂದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ತನ್ನ ಕತ್ತಿ ಕವಚಗಳ ಮೂಟೆಯನ್ನು ಹಗ್ಗದಿಂದ ಎಳೆಯುತ್ತ ಜಲಪಾತದ ಬಂಡೆಗಳನ್ನು ಹತ್ತುತ್ತಾನೆ. ಮೇಲೆ ಕಾದಿರುವವರು ಅವನು ಬೇಟೆಯಾಡಿದ ಜನ. ಅವರಲ್ಲೊಬ್ಬ ಚಾಕು ಹಿಡಿದು ಬರುತ್ತಾನೆ. ಆ ಚಾಕು ಕತ್ತರಿಸುವುದು ಕುತ್ತಿಗೆಯನ್ನಲ್ಲ, ಹಗ್ಗವನ್ನು. ಕ್ಷಮೆಯ ಬಗ್ಗೆ ಒಂದು ಭಾಷಣವೂ ಇಲ್ಲ. ನಾಟಕವಾಗಿದ್ದರೆ ಇದೇ ಜಾಗದಲ್ಲಿ ಬೋಲ್ಟ್ ಒಂದು ಅದ್ಭುತ ಸಂಭಾಷಣೆ ಬರೆಯುತ್ತಿದ್ದರು. ತೆರೆಗೆ ಅದು ಬೇಡವೆಂದು ಅವರಿಗೆ ತಿಳಿದಿತ್ತು.

1991ರಲ್ಲಿ ಅವರು ಟೆಲಿವಿಷನ್ನಿಗಾಗಿ ಜೇಮ್ಸ್ ಬ್ರೇಡಿಯ ಕಥೆ ಬರೆದರು. 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮೇಲೆ ನಡೆದ ದಾಳಿಯಲ್ಲಿ ತಲೆಗೆ ಗುಂಡು ತಗಲಿದ ಪತ್ರಿಕಾ ಕಾರ್ಯದರ್ಶಿ ಬ್ರೇಡಿ. ಮಾತೇ ಕಸುಬಾಗಿದ್ದು, ಆ ಮಾತಿಗಾಗಿ ಹೆಣಗಬೇಕಾಗಿ ಬಂದವರು. ಈ ಕೆಲಸಕ್ಕೆ ಬೋಲ್ಟ್‌ರಿಗಿಂತ ಅರ್ಹರು ಸಿಗುವುದು ಕಷ್ಟವಿತ್ತು. 1995ರ ಫೆಬ್ರುವರಿ 20ರಂದು ಬೋಲ್ಟ್ ತೀರಿಕೊಂಡರು.

ಅವರ ಕಾಲದ ಇಂಗ್ಲಿಷ್ ನಾಟಕಕಾರರಲ್ಲಿ ಆಸ್ಬರ್ನ್ ಸಿಟ್ಟಿಗೆ, ಪಿಂಟರ್ ಮೌನದ ಭಯಕ್ಕೆ ಹೆಸರಾದರು. ಅವರ ಪಕ್ಕದಲ್ಲಿ ಬೋಲ್ಟ್ ಹಳೆಯ ಬಗೆಯ ಕುಶಲಕರ್ಮಿಯಾಗಿ ಕಂಡರು. ಚಿತ್ರರಂಗದಲ್ಲಂತೂ ಲೀನ್‌ರ ಮರುಭೂಮಿ, ಹಿಮ, ಸಮುದ್ರಗಳೇ ಕಣ್ಣು ತುಂಬಿ, ಆ ವಿಸ್ತಾರವನ್ನು ಒಬ್ಬ ಮನುಷ್ಯನ ಆಯ್ಕೆಗೆ ಕಟ್ಟಿಹಾಕಿದ ಬರಹಗಾರ ಹಿಂದೆ ಸರಿದರು. ಬೋಲ್ಟ್‌ರ ಕಸುಬನ್ನು ಕಾಣಬೇಕೆನ್ನುವವರಿಗೆ ಸುಲಭದ ದಾರಿಯೊಂದಿದೆ. ಮೊದಲು ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ನಾಟಕ ಓದಿ, ಆಮೇಲೆ ಚಿತ್ರ ನೋಡಿ. ನಾಟಕದಲ್ಲಿದ್ದು ಚಿತ್ರದಲ್ಲಿಲ್ಲದ ಪ್ರತಿಯೊಂದು ಮಾತೂ ಏನಾಯಿತೆಂದು ಹುಡುಕುತ್ತ ಹೋಗಿ. ಕೆಲವು ಒಂದು ನೋಟವಾಗಿವೆ, ಕೆಲವು ಒಂದು ವಸ್ತುವಾಗಿವೆ, ಕೆಲವಂತೂ ಇಲ್ಲದಿದ್ದರೂ ನಡೆಯುತ್ತಿತ್ತು ಎಂದು ಬರೆದವರಿಗೇ ಅನ್ನಿಸಿದೆ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಅಪರೂಪ.